ಲಾರಿ ರಸೀದಿಯಲ್ಲಿನ ‘ಸಾಮಾನ್ಯ ಸರಕು’

ಲೆಕ್ಕಪರಿಶೋಧನೆಯ ಕಾಲದಲ್ಲಿ ನಮ್ಮ ಮೇಜಿಗೆ ಬರುವ ಕಾಗದಪತ್ರಗಳಲ್ಲಿ ಲಾರಿ ರಸೀದಿಯಷ್ಟು ಅನಾದರಕ್ಕೆ ಒಳಗಾದುದು ಬೇರೊಂದಿಲ್ಲ. ಬಾಡಿಗೆಯ ಮೊತ್ತ ಸರಿಯಿದೆಯೆ, ಅದರ ಮೇಲಿನ ಜಿ.ಎಸ್.ಟಿ.ಯನ್ನು ಯಾರು ಕಟ್ಟಬೇಕು ಎಂಬುದನ್ನಷ್ಟೇ ನೋಡಿ ಗುಮಾಸ್ತರು ಅದನ್ನು ಕಡತಕ್ಕೆ ಸೇರಿಸಿಬಿಡುತ್ತಾರೆ. ಸರಕಿನ ವಿವರಣೆಯ ಅಂಕಣವನ್ನು ಯಾರೂ ಓದುವುದಿಲ್ಲ. ಓದಿದರೆ ಅಲ್ಲಿ ಕಾಣುವುದು ಬಹುತೇಕ ‘ಸಾಮಾನ್ಯ ಸರಕು’, ಇಲ್ಲವೆ ‘ಕೆಮಿಕಲ್’, ಇಲ್ಲವೆ ಬರಿದೇ ‘ಡ್ರಮ್ 4, ಕ್ಯಾನ್ 10’. ಅದೇ ಸರಕಿನ ಮಾರಾಟದ ಬಿಲ್ಲನ್ನು ತೆಗೆದು ನೋಡಿದರೆ ನೈಟ್ರಿಕ್ ಆಮ್ಲ, ಥಿನ್ನರ್, ಹೈಡ್ರೋಜನ್ ಪೆರಾಕ್ಸೈಡ್, ಕ್ಯಾಲ್ಸಿಯಂ ಕಾರ್ಬೈಡ್ ಎಂದು ಸ್ಪಷ್ಟವಾಗಿ ನಮೂದಾಗಿರುತ್ತದೆ. ಒಂದೇ ಸರಕಿಗೆ ಎರಡು ಹೆಸರು. ಒಂದು ತೆರಿಗೆ ಇಲಾಖೆಗೆ, ಇನ್ನೊಂದು ಲಾರಿಯವನಿಗೆ. ಈ ಎರಡು ಹೆಸರುಗಳ ನಡುವಣ ಅಂತರದ ಬೆಲೆ ಎಷ್ಟೆಂಬುದನ್ನು ನಮ್ಮ ವರ್ತಕ ಹಾಗೂ ಸಣ್ಣ ಕೈಗಾರಿಕಾ ಮಿತ್ರರ ಮುಂದಿಡುವುದು ಅಗತ್ಯವೆಂದು ನನಗೆ ತೋರುತ್ತದೆ.

ಅಪಾಯಕಾರಿ ಸರಕುಗಳ ಸಾಗಣೆ ಎಂದೊಡನೆ ಎಲ್ಲರ ಮನಸ್ಸಿಗೂ ಬರುವುದು ಅನಿಲದ ಟ್ಯಾಂಕರು. 2012ರ ಆಗಸ್ಟ್‌ನಲ್ಲಿ ಕಣ್ಣೂರಿನ ಚಾಲಾ ಎಂಬಲ್ಲಿ, 2013ರ ಏಪ್ರಿಲ್‌ನಲ್ಲಿ ನಮ್ಮದೇ ದಕ್ಷಿಣ ಕನ್ನಡದ ಪೆರ್ನೆಯಲ್ಲಿ, 2024ರ ಡಿಸೆಂಬರ್‌ನಲ್ಲಿ ಜೈಪುರ–ಅಜ್ಮೀರ್ ಹೆದ್ದಾರಿಯಲ್ಲಿ ಸಂಭವಿಸಿದ ದುರಂತಗಳನ್ನು ಯಾರೂ ಮರೆತಿರಲಾರರು. ಅಲ್ಲಿ ಸುಟ್ಟುಹೋದವರಲ್ಲಿ ಹೆಚ್ಚಿನವರಿಗೆ ಆ ಟ್ಯಾಂಕರಿಗೂ ತಮಗೂ ಯಾವ ಸಂಬಂಧವೂ ಇರಲಿಲ್ಲ. ಆದರೆ ತೈಲ ಕಂಪನಿಗಳಿಗೆ ಸುರಕ್ಷತಾ ವಿಭಾಗವಿದೆ, ತರಬೇತಿ ಪಡೆದ ಅಧಿಕಾರಿಗಳಿದ್ದಾರೆ, ವಿಮೆಯಿದೆ. ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಬೆಂಗಳೂರಿನ ಕಡೆಗೆ ನೆಲದಡಿಯ ಕೊಳವೆಮಾರ್ಗವೂ ಇದೆ. ನಮ್ಮ ಸದಸ್ಯರಲ್ಲಿ ಬಹುಪಾಲು ಮಂದಿಗೆ ಇವಾವುವೂ ಇಲ್ಲ. ಪೀಣ್ಯದಿಂದಲೋ, ಬೈಕಂಪಾಡಿಯಿಂದಲೋ, ಬೆಳಗಾವಿಯ ಉದ್ಯಮಬಾಗಿನಿಂದಲೋ ಅವರು ಕಳುಹಿಸುವುದು ನಾಲ್ಕು ಡ್ರಮ್ಮು, ಹತ್ತು ಕ್ಯಾನು. ಅದು ಏರುವುದು ಬಟ್ಟೆಯ ಬೇಲು, ಔಷಧದ ಪೆಟ್ಟಿಗೆ, ಬಿಸ್ಕತ್ತಿನ ಡಬ್ಬಗಳ ಜೊತೆಗೆ ಒಂದೇ ಪಾರ್ಸೆಲ್ ಲಾರಿಗೆ. ಟ್ಯಾಂಕರಿನಲ್ಲಿ ಏನಿದೆಯೆಂಬುದು ದೂರದಿಂದಲೇ ಎಲ್ಲರಿಗೂ ತಿಳಿಯುತ್ತದೆ. ಈ ಲಾರಿಯಲ್ಲಿ ಏನಿದೆಯೆಂಬುದು ಚಾಲಕನಿಗೂ ತಿಳಿಯದು. ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ಹೆಚ್ಚು ಚಿಂತೆಗೆ ಕಾರಣವಾಗಬೇಕಾದದ್ದು.

ಹೆಸರು ತಪ್ಪಿದರೆ ಆಗುವುದೇನು?

1973ರ ನವೆಂಬರ್ 3ರಂದು ಅಮೆರಿಕದ ಬಾಸ್ಟನ್ ವಿಮಾನನಿಲ್ದಾಣದಲ್ಲಿ ಪ್ಯಾನ್ ಆಮ್ ಸಂಸ್ಥೆಯ ಸರಕು ವಿಮಾನವೊಂದು ಹೊಗೆ ತುಂಬಿ ಪತನವಾಯಿತು. ಅದರಲ್ಲಿದ್ದ ಮೂವರು ಸಿಬ್ಬಂದಿಯೂ ಮೃತರಾದರು. ತನಿಖೆಯಲ್ಲಿ ಕಂಡುಬಂದದ್ದು ಇಷ್ಟು: ನೈಟ್ರಿಕ್ ಆಮ್ಲದ ಶೀಷೆಗಳ ಸುತ್ತ ಮೆತ್ತೆಯಾಗಿ ಮರದ ಹೊಟ್ಟನ್ನು ತುಂಬಲಾಗಿತ್ತು. ಶೀಷೆಯಿಂದ ಆಮ್ಲ ಸೋರಿದೊಡನೆ ಹೊಟ್ಟು ತಾನಾಗಿಯೇ ಹೊಗೆಯಾಡಿ ಉರಿಯತೊಡಗಿತು. ಸೋರಿದರೆ ಹೀರಿಕೊಳ್ಳಲಿ ಎಂಬ ಸದುದ್ದೇಶದಿಂದಲೇ ಹೊಟ್ಟು ತುಂಬಿದ್ದಿರಬೇಕು. ನಮ್ಮ ಗೋದಾಮುಗಳಲ್ಲಿ ಇಂದಿಗೂ ಆಮ್ಲದ ಶೀಷೆಗಳನ್ನು ಹುಲ್ಲು, ಗೋಣಿತಾಟು, ಮರದ ಹೊಟ್ಟುಗಳ ನಡುವೆ ಇಟ್ಟು ಕಟ್ಟುವ ಹಮಾಲರಿಗೆ, ಗಂಧಕಾಮ್ಲಕ್ಕೂ ನೈಟ್ರಿಕ್ ಆಮ್ಲಕ್ಕೂ ಇರುವ ವ್ಯತ್ಯಾಸವನ್ನು ಹೇಳಿಕೊಡುವವರು ಯಾರು? ನೈಟ್ರಿಕ್ ಆಮ್ಲ ಸುಡುವ ದ್ರವ ಮಾತ್ರವಲ್ಲ. ಅದು ಬೇರೆ ವಸ್ತುವಿಗೆ ಬೆಂಕಿ ಹತ್ತಿಸಬಲ್ಲ ಉತ್ಕರ್ಷಕ. ಹೈಡ್ರೋಜನ್ ಪೆರಾಕ್ಸೈಡಿನ ಗುಣವೂ ಇದೇ ಜಾತಿಯದು. ಅದರ ಕ್ಯಾನಿನ ಪಕ್ಕದಲ್ಲಿ ಥಿನ್ನರಿನ ಡ್ರಮ್ಮನ್ನು ಇಡುವುದು ಒಲೆಯ ಪಕ್ಕದಲ್ಲಿ ಸೀಮೆಎಣ್ಣೆ ಇಟ್ಟಂತೆ.

ಕ್ಯಾಲ್ಸಿಯಂ ಕಾರ್ಬೈಡಿನ ಕಥೆ ಇನ್ನೊಂದು ಬಗೆಯದು. ಒಣಗಿದ್ದಾಗ ಅದು ಸುಮ್ಮನಿರುವ ಕಲ್ಲು. ನೀರು ತಾಗಿತೆಂದರೆ ಅಸಿಟಿಲೀನ್ ಅನಿಲವನ್ನು ಬಿಡುತ್ತದೆ. ಅದು ವೆಲ್ಡಿಂಗಿಗೆ ಬಳಸುವ, ಕಿಡಿ ತಾಗಿದರೆ ಸಿಡಿಯುವ ಅನಿಲ. ಆಗುಂಬೆ, ಶಿರಾಡಿಗಳ ಮಳೆಯಲ್ಲಿ ಹರಿದ ತಾಡಪಾಲಿನಡಿ ಈ ಡಬ್ಬ ಸಾಗುತ್ತಿದೆಯೆಂದು ಚಾಲಕನಿಗೆ ತಿಳಿದಿರಬೇಡವೆ? 2025ರ ಮೇ 25ರಂದು ಎಂ.ಎಸ್.ಸಿ. ಎಲ್ಸಾ 3 ಎಂಬ ಹಡಗು ಕೊಚ್ಚಿಯ ಆಚೆ ಮುಳುಗಿದಾಗ, ಅದರಲ್ಲಿದ್ದ ಆರುನೂರಕ್ಕೂ ಮೀರಿದ ಕಂಟೇನರುಗಳ ಪೈಕಿ 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇದೆಯೆಂಬುದನ್ನು ಅಧಿಕಾರಿಗಳು ಪ್ರಕಟಿಸಿ, ದಡಕ್ಕೆ ಬರುವ ಯಾವ ವಸ್ತುವನ್ನೂ ಮುಟ್ಟಬಾರದೆಂದು ಕರಾವಳಿಯ ಜನರನ್ನು ಎಚ್ಚರಿಸಲು ಸಾಧ್ಯವಾಯಿತು. ಸರಕಿನ ಪಟ್ಟಿಯಲ್ಲಿ ಅದರ ಹೆಸರು ಇದ್ದುದರಿಂದಲೇ ಅದು ಸಾಧ್ಯವಾದದ್ದು. ‘ಸಾಮಾನ್ಯ ಸರಕು’ ಎಂದಷ್ಟೇ ಬರೆದಿದ್ದರೆ?

ಇನ್ನು ‘ಖಾಲಿ’ ಎಂಬ ಪದ. ಹಳೆಯ ಡ್ರಮ್ಮುಗಳ ವ್ಯಾಪಾರ ಮಾಡುವವರು ನಮ್ಮ ನಡುವೆ ಹಲವರಿದ್ದಾರೆ. 1996ರ ಮೇ 11ರಂದು ಅಮೆರಿಕದ ಫ್ಲಾರಿಡಾದಲ್ಲಿ ವ್ಯಾಲ್ಯೂಜೆಟ್ ಸಂಸ್ಥೆಯ ಪ್ರಯಾಣಿಕ ವಿಮಾನ ಬಿದ್ದು 110 ಜನ ಸತ್ತರು. ಅದರ ಸರಕಿನ ಗೂಡಿನಲ್ಲಿ ಪೆಟ್ಟಿಗೆಗಟ್ಟಲೆ ಆಮ್ಲಜನಕ ಉತ್ಪಾದಕಗಳಿದ್ದವು. ರವಾನೆಯ ಚೀಟಿಯಲ್ಲಿ ಅವನ್ನು ಖಾಲಿ ಡಬ್ಬಿಗಳೆಂದು ಬರೆದಿತ್ತು. ಅವು ಖಾಲಿಯಾಗಿರಲಿಲ್ಲ. ಥಿನ್ನರ್, ಪೆಟ್ರೋಲು, ಅಸಿಟೋನುಗಳ ವಿಷಯದಲ್ಲಂತೂ ಖಾಲಿ ಡ್ರಮ್ಮು ತುಂಬಿದ ಡ್ರಮ್ಮಿಗಿಂತ ಹೆಚ್ಚು ಅಪಾಯಕಾರಿಯಾಗಬಲ್ಲದು. ದ್ರವ ಹೋದ ಜಾಗದಲ್ಲಿ ಆವಿ ಮತ್ತು ಗಾಳಿ ಬೆರೆತು ಕುಳಿತಿರುತ್ತವೆ. ಅದನ್ನು ಕತ್ತರಿಸಲು ವೆಲ್ಡಿಂಗಿನವನು ಕೈಯಿಟ್ಟಾಗಲೇ ವಿಷಯ ಗೊತ್ತಾಗುವುದು. ಆದುದರಿಂದ ತೊಳೆಯದ ಡ್ರಮ್ಮನ್ನು ಅದರಲ್ಲಿದ್ದ ವಸ್ತುವಿನ ಹೆಸರಿನಲ್ಲಿಯೇ ಸಾಗಿಸತಕ್ಕದ್ದು.

ಜವಾಬ್ದಾರಿ ಯಾರದು?

‘ಸರಕು ಲಾರಿಗೆ ಏರಿತು, ರಸೀದಿ ಕೈಗೆ ಬಂತು, ನಮ್ಮ ಹೊಣೆ ಮುಗಿಯಿತು’ ಎಂಬುದು ನಮ್ಮ ವರ್ತಕರಲ್ಲಿ ಬೇರೂರಿದ ನಂಬಿಕೆ. ಕಾನೂನು ಹೇಳುವುದು ಇದಕ್ಕೆ ನೇರ ವಿರುದ್ಧವಾದದ್ದು. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 129ರಿಂದ 137ರವರೆಗಿನ ನಿಯಮಗಳು ಈ ವಿಷಯಕ್ಕೇ ಮೀಸಲು. ಅವುಗಳಲ್ಲಿ 131ನೆಯ ನಿಯಮ ಸರಕು ಕಳುಹಿಸುವವನ ಕರ್ತವ್ಯವನ್ನು, 132ನೆಯದು ಸಾಗಣೆದಾರನ ಕರ್ತವ್ಯವನ್ನು, 133ನೆಯದು ಚಾಲಕನ ಕರ್ತವ್ಯವನ್ನು ಹೇಳುತ್ತವೆ. ಈ ಅನುಕ್ರಮವನ್ನು ಗಮನಿಸಬೇಕು: ಮೊದಲು ಬರುವವನು ಕಳುಹಿಸುವವನೇ. ವಾಹನಕ್ಕೆ ತಕ್ಕ ನೋಂದಣಿ ಇದೆಯೆ, ಪ್ರಥಮ ಚಿಕಿತ್ಸೆ ಹಾಗೂ ಸುರಕ್ಷತೆಯ ಸಲಕರಣೆಗಳಿವೆಯೆ, ಚಾಲಕನಿಗೆ ತರಬೇತಿಯಾಗಿದೆಯೆ ಎಂದು ನೋಡಿಕೊಳ್ಳುವುದು ಅವನ ಕೆಲಸ. ಸರಕಿನ ಅಪಾಯವೇನೆಂಬ ಪೂರ್ಣ ಹಾಗೂ ನಿಖರ ಮಾಹಿತಿಯನ್ನು ಸಾಗಣೆದಾರನಿಗೆ ಕೊಡುವುದೂ ಅವನ ಕೆಲಸವೇ. ಚಾಲಕನಿಗೆ 9ನೆಯ ನಿಯಮದಂತೆ ವಿಶೇಷ ತರಬೇತಿಯಾಗಿ ಲೈಸೆನ್ಸಿನಲ್ಲಿ ಅದರ ನಮೂದು ಆಗಿರಬೇಕು. ವಾಹನದ ಮೇಲೆ 134ನೆಯ ನಿಯಮದಂತೆ ಸರಕಿನ ತಾಂತ್ರಿಕ ಹೆಸರು, ವಿಶ್ವಸಂಸ್ಥೆಯ ಸಂಖ್ಯೆ, ವರ್ಗಸೂಚಕ ಚಿಹ್ನೆ, ತುರ್ತು ದೂರವಾಣಿ ಸಂಖ್ಯೆಗಳಿರುವ ಫಲಕವಿರಬೇಕು. ಉಲ್ಲಂಘಿಸಿದರೆ, 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನಗಳ ಅಧಿನಿಯಮದ 190(3)ನೆಯ ಪ್ರಕರಣದಡಿ ಮೊದಲ ಬಾರಿಗೇ ಹತ್ತು ಸಾವಿರ ರೂಪಾಯಿ ದಂಡ ಅಥವಾ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ವಾಹನ ಓಡಿಸಿದವನಿಗೆ ಮಾತ್ರವಲ್ಲ, ಓಡಿಸಲು ಕಾರಣನಾದವನಿಗೂ ಇದು ಅನ್ವಯಿಸುತ್ತದೆ.

ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಹೆಸರನ್ನೂ ಕೇಳಿರದ ಇನ್ನೊಂದು ಕಾನೂನಿದೆ. 1865ರ ಹಳೆಯ ಕಾಯಿದೆಯ ಜಾಗದಲ್ಲಿ ಬಂದ, ರಸ್ತೆ ಮೂಲಕ ಸರಕು ಸಾಗಣೆಯ ಅಧಿನಿಯಮ, 2007. ಇದರ ಪ್ರಕಾರ ಕಳುಹಿಸುವವನು ಸರಕಿನ ರವಾನೆ ಪತ್ರದಲ್ಲಿ ಮೌಲ್ಯವನ್ನೂ, ಸರಕು ಅಪಾಯಕಾರಿಯಾಗಿದ್ದರೆ ಆ ವಿಷಯವನ್ನೂ ಘೋಷಿಸಬೇಕು. ವಿವರ ತಪ್ಪಾಗಿದ್ದು ಅಥವಾ ಅಪೂರ್ಣವಾಗಿದ್ದು ಅದರಿಂದ ಸಾಗಣೆದಾರನಿಗೆ ನಷ್ಟವಾದರೆ ಅದನ್ನು ಕಳುಹಿಸಿದವನೇ ತುಂಬಿಕೊಡಬೇಕು. ಇನ್ನೊಂದು ಕಡೆ, ಹೆಚ್ಚಿನ ಹೊಣೆಗೆ ಮೊದಲೇ ಒಪ್ಪಂದವಾಗಿರದಿದ್ದರೆ ನಮ್ಮ ಸರಕಿನ ನಷ್ಟಕ್ಕೆ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತವಾಗಿರುತ್ತದೆ. ಲೆಕ್ಕ ಹಾಕಿ ನೋಡಿ. ಸಾವಿರ ರೂಪಾಯಿ ಬಾಡಿಗೆಗೆ ಕಳುಹಿಸಿದ ಕ್ಯಾನು ಸೋರಿ ಇಡೀ ಲಾರಿ ಸುಟ್ಟರೆ ನಮಗೆ ಬರುವುದು ಹೆಚ್ಚೆಂದರೆ ಹತ್ತು ಸಾವಿರ. ನಾವು ಕೊಡಬೇಕಾಗಬಹುದಾದುದು ಲಾರಿಯ ಬೆಲೆ, ಬಟ್ಟೆಯ ಬೇಲುಗಳ ಬೆಲೆ, ಔಷಧದ ಬೆಲೆ. ಈ ಹೊಣೆಗೆ ಮಿತಿಯನ್ನು ಕಾನೂನು ಹೇಳಿಲ್ಲ.

ಇದನ್ನು ಮುಚ್ಚಿಡಬಹುದೆಂದು ಯಾರಾದರೂ ತಿಳಿದಿದ್ದರೆ ಅದು ಹಿಂದಿನ ಕಾಲದ ಮಾತು. ಐವತ್ತು ಸಾವಿರ ರೂಪಾಯಿ ಮೀರಿದ ಸರಕಿಗೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು, ಅದರಲ್ಲಿ ಎಚ್.ಎಸ್.ಎನ್. ಸಂಕೇತ ಬೇಕು. 2807 ಎಂದರೆ ಗಂಧಕಾಮ್ಲ, 2808 ಎಂದರೆ ನೈಟ್ರಿಕ್ ಆಮ್ಲ, 2849 ಎಂದರೆ ಕಾರ್ಬೈಡ್. ಅಪಘಾತವಾದ ಮರುದಿನ ವಿಮಾ ಕಂಪನಿಯ ಸರ್ವೇಯರು ಮಾಡುವ ಮೊದಲ ಕೆಲಸವೆಂದರೆ ಇ-ವೇ ಬಿಲ್ಲನ್ನೂ ಲಾರಿ ರಸೀದಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು. ಸಾಗಣೆಯ ವಿಮೆಯೆಂಬುದು ಪರಮ ವಿಶ್ವಾಸದ ಮೇಲೆ ನಿಂತ ಕರಾರು. ಅಪಾಯದ ಬಗ್ಗೆ ತಿಳಿದದ್ದನ್ನು ಹೇಳದಿದ್ದರೆ ಪಾಲಿಸಿಯೇ ಬಿದ್ದುಹೋಗುತ್ತದೆ. ಕಟ್ಟಿದ ಪ್ರೀಮಿಯಂ ಖರ್ಚಿನ ಲೆಕ್ಕದಲ್ಲಿ ಉಳಿಯುತ್ತದೆ, ಪರಿಹಾರ ಮಾತ್ರ ಬರುವುದಿಲ್ಲ.

ನ್ಯಾಯಾಲಯಗಳ ನಿಲುವು

ದೆಹಲಿಯಲ್ಲಿ 1985ರ ಡಿಸೆಂಬರ್‌ನಲ್ಲಿ ನಡೆದ ಓಲಿಯಂ ಅನಿಲ ಸೋರಿಕೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮರುವರ್ಷ ಪೂರ್ಣ ಹೊಣೆಗಾರಿಕೆಯ ತತ್ತ್ವವನ್ನು ಸಾರಿತು. ಅಪಾಯಕಾರಿ ಉದ್ಯಮ ನಡೆಸುವವನು ತಾನು ಎಲ್ಲ ಎಚ್ಚರಿಕೆಯನ್ನೂ ವಹಿಸಿದ್ದೆನೆಂದು ಹೇಳಿ ಪಾರಾಗುವಂತಿಲ್ಲ ಎಂಬುದು ಅದರ ಸಾರ. ಭೋಪಾಲ ದುರಂತದ ನೆರಳಿನಲ್ಲಿಯೇ 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮಾ ಅಧಿನಿಯಮ ಬಂತು. ಅಪಾಯಕಾರಿ ವಸ್ತುವನ್ನು ‘ನಿರ್ವಹಿಸುವುದು’ ಎಂಬುದರ ವ್ಯಾಖ್ಯೆಯಲ್ಲಿ ತಯಾರಿಕೆ, ಸಂಗ್ರಹಗಳ ಜೊತೆಗೆ ವಾಹನದಲ್ಲಿ ಸಾಗಿಸುವುದೂ ಸೇರಿದೆ. ಅಧಿಸೂಚಿತ ಪ್ರಮಾಣಕ್ಕಿಂತ ಹೆಚ್ಚಿನ ವಸ್ತುವನ್ನು ನಿರ್ವಹಿಸುವವರು ಈ ವಿಮೆಯನ್ನು ಪಡೆಯಲೇಬೇಕು. ತಪ್ಪು ಯಾರದೆಂದು ಸಾಬೀತುಪಡಿಸದೆಯೇ ಸಂತ್ರಸ್ತರು ಪರಿಹಾರ ಕೇಳಬಹುದು. ಮೋಟಾರು ವಾಹನಗಳ ಅಧಿನಿಯಮದ 146ನೆಯ ಪ್ರಕರಣವೂ ಅಪಾಯಕಾರಿ ಸರಕಿನ ವಾಹನಕ್ಕೆ ಮಾಮೂಲಿ ಮೂರನೆಯ ವ್ಯಕ್ತಿ ವಿಮೆಯ ಜೊತೆಗೆ ಇದನ್ನೂ ಕಡ್ಡಾಯ ಮಾಡಿದೆ. ನಮ್ಮಲ್ಲಿ ಎಷ್ಟು ಮಂದಿ ಈ ಪಾಲಿಸಿಯನ್ನು ಕಣ್ಣಿನಿಂದ ನೋಡಿದ್ದಾರೆ?

ನಮ್ಮ ಪಕ್ಕದ ಹೆದ್ದಾರಿಯದೇ ಒಂದು ಪ್ರಕರಣವನ್ನು ಹೇಳಬೇಕು. 1987ರ ಅಕ್ಟೋಬರ್ 29ರ ಬೆಳಗಿನ ಜಾವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸಾತಾರಾ ಜಿಲ್ಲೆಯ ಹಳ್ಳಿಯೊಂದರ ಬಳಿ ಪೆಟ್ರೋಲ್ ಟ್ಯಾಂಕರೊಂದು ಲಾರಿಗೆ ಡಿಕ್ಕಿಯಾಗಿ ಉರುಳಿತು. ಪೆಟ್ರೋಲು ಸೋರುತ್ತಲೇ ಇತ್ತು. ಸುಮಾರು ನಾಲ್ಕು ಗಂಟೆಗಳ ನಂತರ, ಸುತ್ತಮುತ್ತಲಿನ ಜನ ಸೇರಿದ್ದಾಗ, ಅದು ಸ್ಫೋಟಿಸಿತು. ಹಲವರು ಸುಟ್ಟು ಸತ್ತರು. ನಿಂತು ನಾಲ್ಕು ಗಂಟೆಯಾದ ವಾಹನದಿಂದ ಆದ ಸಾವು ‘ವಾಹನದ ಬಳಕೆ’ಯಿಂದ ಆದದ್ದಲ್ಲ ಎಂದು ವಾದಿಸಲಾಯಿತು. ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಆ ವಾದವನ್ನು ತಳ್ಳಿಹಾಕಿತು. ಸರಕು ಸೋರುತ್ತಿರುವಷ್ಟು ಕಾಲ ಮಾಲೀಕನ ಹೊಣೆಯೂ ಮುಂದುವರಿಯುತ್ತದೆ ಎಂದು ನಾನು ಅದನ್ನು ಅರ್ಥೈಸುತ್ತೇನೆ. ಆ ನಾಲ್ಕು ಗಂಟೆಗಳಲ್ಲಿ ಜನರನ್ನು ದೂರ ಕಳುಹಿಸಲು ಒಬ್ಬನಿದ್ದಿದ್ದರೆ, ಎಂದು ಆ ತೀರ್ಪನ್ನು ಓದಿದಾಗಲೆಲ್ಲ ಅನಿಸುತ್ತದೆ.

ಲಾರಿ ಮಾಲೀಕರಾದ ಸದಸ್ಯರಿಗೆ ಒಂದು ಮಾತು. ಚಾಲಕನ ಲೈಸೆನ್ಸಿನಲ್ಲಿ ದೋಷವಿದ್ದರೆ ವಿಮಾ ಕಂಪನಿ ಸಂತ್ರಸ್ತರಿಗೆ ಹಣ ಕೊಟ್ಟು ಅದನ್ನು ಮಾಲೀಕನಿಂದ ವಸೂಲು ಮಾಡಬಹುದೆಂಬ ಕ್ರಮ 2004ರ ಸ್ವರಣ್ ಸಿಂಗ್ ಪ್ರಕರಣದ ನಂತರ ಸ್ಥಿರವಾಗಿದೆ. ಅಪಾಯಕಾರಿ ಸರಕಿನ ನಮೂದು ಮೂರು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಆ ದಿನಾಂಕವನ್ನು ವಾಹನದ ಫಿಟ್‌ನೆಸ್ ದಿನಾಂಕದ ಪಕ್ಕದಲ್ಲಿಯೇ ಬರೆದಿಟ್ಟುಕೊಳ್ಳಿ. ಹಾಗೆಯೇ ಟ್ಯಾಂಕರಿನಲ್ಲಿ ಇನ್ನೂ ನಾಲ್ಕು ಕ್ವಿಂಟಲು ಹಿಡಿಯುತ್ತದೆಂದು ತುಂಬುವವರು 1978ರ ಜುಲೈನಲ್ಲಿ ಸ್ಪೇನಿನ ಲಾಸ್ ಆಲ್ಫಾಕೆಸ್ ಎಂಬ ಬಿಡಾರದ ಬಳಿ ಆದದ್ದನ್ನು ತಿಳಿದಿರಬೇಕು. ಮಿತಿಮೀರಿ ಪ್ರೊಪಿಲೀನ್ ತುಂಬಿದ್ದ ಒಂದೇ ಟ್ಯಾಂಕರು ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಬಿಸಿಲಿಗೆ ದ್ರವ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಟ್ಯಾಂಕೇ ಬಿರಿಯುತ್ತದೆ.

ನನ್ನ ವೃತ್ತಿಯ ದೃಷ್ಟಿಯಿಂದ ಇನ್ನೊಂದು ಸಂಗತಿ ಇವೆಲ್ಲಕ್ಕಿಂತ ಮುಖ್ಯ. ನಮ್ಮ ಸಣ್ಣ ಉದ್ಯಮಗಳಲ್ಲಿ ಬಹುಪಾಲು ಒಬ್ಬರೇ ಮಾಲೀಕರಿರುವ ಸಂಸ್ಥೆಗಳು ಇಲ್ಲವೆ ಪಾಲುದಾರಿಕೆಗಳು. ಅಲ್ಲಿ ವ್ಯವಹಾರದ ಸಾಲಕ್ಕೂ ಮನೆಯ ಆಸ್ತಿಗೂ ನಡುವೆ ಗೋಡೆಯಿಲ್ಲ. ಪಾಲುದಾರರಲ್ಲಿ ಒಬ್ಬರು ಅವಸರದಲ್ಲಿ ಕಳುಹಿಸಿದ ಸರಕಿಗೆ ಉಳಿದವರೆಲ್ಲರೂ ಒಟ್ಟಾಗಿಯೂ ಪ್ರತ್ಯೇಕವಾಗಿಯೂ ಹೊಣೆ. ಹತ್ತು ವರ್ಷದಿಂದ ಕಾರ್ಖಾನೆಯ ಮೆಟ್ಟಿಲು ಹತ್ತದ, ಹೆಸರಿಗಷ್ಟೇ ಪಾಲುದಾರರಾಗಿರುವ ತಾಯಿಯೋ ಅತ್ತಿಗೆಯೋ ಇದ್ದರೆ ಅವರ ನಿವೇಶನವೂ ಇದರಲ್ಲಿ ಸೇರುತ್ತದೆ. ತೆತ್ತ ದಂಡವನ್ನು ವ್ಯಾಪಾರದ ಖರ್ಚೆಂದು ಆದಾಯ ತೆರಿಗೆಯಲ್ಲಿ ಕಳೆಯಲೂ ಬರುವುದಿಲ್ಲ.

ಆಕ್ಷೇಪಣೆ ಮತ್ತು ಒಂದು ಸಲಹೆ

ಇದನ್ನೆಲ್ಲ ಹೇಳಿದಾಗ ಸದಸ್ಯರು ಕೊಡುವ ಉತ್ತರವನ್ನು ನಾನು ಬಲ್ಲೆ, ಮತ್ತು ಅದು ಸುಳ್ಳಲ್ಲ. ‘ನಿಜ ಬರೆದರೆ ಬುಕಿಂಗ್ ಆಫೀಸಿನವರು ಸರಕನ್ನೇ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೂ ದುಪ್ಪಟ್ಟು ಕೇಳುತ್ತಾರೆ. ಪಕ್ಕದ ಶೆಡ್ಡಿನವನು ಸುಳ್ಳು ಬರೆದು ಅರ್ಧ ಬಾಡಿಗೆಯಲ್ಲಿ ಕಳುಹಿಸುತ್ತಾನೆ. ನಾವೊಬ್ಬರೇ ನಿಯಮ ಪಾಲಿಸಿ ಮಾರುಕಟ್ಟೆ ಕಳೆದುಕೊಳ್ಳಬೇಕೆ?’ ನಿಜ ಹೇಳಿದವನಿಗೇ ದಂಡ ಬೀಳುವ ಈ ಸ್ಥಿತಿಯನ್ನು ಅಧಿಕಾರಿಗಳೂ ಗಮನಿಸಿಲ್ಲ. ರಸ್ತೆಯಲ್ಲಿ ತಪಾಸಣೆ ನಡೆಯುವುದು ತೆರಿಗೆಗಾಗಿ, ತೂಕಕ್ಕಾಗಿ. ಕ್ಯಾನಿನಲ್ಲಿ ಏನಿದೆಯೆಂದು ಕೇಳುವವರು ವಿರಳ. ಎರಡು ಚಕ್ರದ ವಾಹನದಲ್ಲಿ ಅನಿಲ ಸಿಲಿಂಡರು ಸಾಗಿಸಬಾರದೆಂದು 2016ರ ಅನಿಲ ಸಿಲಿಂಡರುಗಳ ನಿಯಮಗಳು ಹೇಳುತ್ತವೆ. ನಮ್ಮ ಯಾವ ಬೀದಿಯಲ್ಲಾದರೂ ಹತ್ತು ನಿಮಿಷ ನಿಂತು ನೋಡಿ.

ಆದರೂ ಆ ‘ದುಪ್ಪಟ್ಟು’ ಎಂಬುದನ್ನು ಲೆಕ್ಕಕ್ಕೆ ಇಳಿಸೋಣ. ಉದಾಹರಣೆಗಾಗಿ, ವರ್ಷಕ್ಕೆ ಎರಡು ಕೋಟಿ ವಹಿವಾಟಿನ ಘಟಕವೊಂದು ತಿಂಗಳಿಗೆ ಎಂಟು ಬಾರಿ ಇಂತಹ ಸರಕು ಕಳುಹಿಸುತ್ತದೆ, ಪ್ರತಿ ಬಾರಿ 600 ರೂಪಾಯಿ ಹೆಚ್ಚು ತೆರುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 57,600 ರೂಪಾಯಿ. ನೂರು ರೂಪಾಯಿ ಮಾರಾಟಕ್ಕೆ ಸುಮಾರು 29 ಪೈಸೆ. ಇದಕ್ಕಿಂತ ಹೆಚ್ಚು ಹಣ ತಡವಾಗಿ ಬರುವ ಬಾಕಿಗಳ ಬಡ್ಡಿಯಲ್ಲಿ ಸೋರಿಹೋಗುವುದನ್ನು ನಾನು ಎಷ್ಟೋ ಲೆಕ್ಕಪತ್ರಗಳಲ್ಲಿ ನೋಡಿದ್ದೇನೆ. ಲಾಭಾಂಶ ತೀರ ತೆಳುವಾದ ವ್ಯಾಪಾರಗಳಿಗೆ 29 ಪೈಸೆಯೂ ಭಾರವೇ ಎಂಬುದನ್ನು ಒಪ್ಪುತ್ತೇನೆ. ಅಂಥವರಿಗೆ ಬಸ್ಸಿನ ದಾರಿ ಸುಲಭವಾಗಿ ಕಾಣುತ್ತದೆ, ಮತ್ತು ಅದೇ ಎಲ್ಲಕ್ಕಿಂತ ಕೆಟ್ಟ ದಾರಿ. 2025ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಬಸ್ಸು ಕರ್ನೂಲಿನ ಬಳಿ ಹೊತ್ತಿ ಉರಿದಾಗ, ಸರಕಿನ ಗೂಡಿನಲ್ಲಿದ್ದ ಇನ್ನೂರಕ್ಕೂ ಹೆಚ್ಚು ಮೊಬೈಲ್ ಫೋನುಗಳ ಬ್ಯಾಟರಿಗಳು ಬೆಂಕಿಯನ್ನು ಹೆಚ್ಚಿಸಿರಬಹುದೆಂದು ವರದಿಯಾಗಿತ್ತು. ಕಳುಹಿಸಿದವರು ಅದನ್ನು ಅಪಾಯಕಾರಿ ಸರಕೆಂದು ಭಾವಿಸಿರಲಾರರು. ಮೇಲೆ ಮಲಗಿದ್ದವರಿಗಂತೂ ಅದರ ಸುಳಿವೇ ಇರಲಿಲ್ಲ. ಪ್ರಯಾಣಿಕರ ಬಸ್ಸಿನಲ್ಲಿ ಥಿನ್ನರ್, ಆಮ್ಲ, ಬ್ಯಾಟರಿಗಳ ಪಾರ್ಸೆಲ್ ಕಳುಹಿಸುವುದನ್ನು ನಮ್ಮ ಸದಸ್ಯರು ಇಂದಿನಿಂದಲೇ ನಿಲ್ಲಿಸಬೇಕು. ಇದರಲ್ಲಿ ಲೆಕ್ಕಾಚಾರಕ್ಕೆ ಅವಕಾಶವಿಲ್ಲ.

ಉಳಿದದ್ದಕ್ಕೆ ವಾಣಿಜ್ಯ ಸಂಸ್ಥೆಯೇ ಮುಂದಾಗಬೇಕೆಂಬುದು ನನ್ನ ಆಗ್ರಹ. ಒಂದು ಕೈಗಾರಿಕಾ ವಸಾಹತಿನ ಇಪ್ಪತ್ತು ಘಟಕಗಳ ಬಿಡಿ ಸರಕನ್ನು ವಾರಕ್ಕೆರಡು ದಿನ ಒಟ್ಟುಗೂಡಿಸಿ, ಒಂದರೊಡನೊಂದು ಇಡಬಾರದವನ್ನು ಬೇರ್ಪಡಿಸಿ, ನೋಂದಾಯಿತ ವಾಹನದಲ್ಲಿ ತರಬೇತಾದ ಚಾಲಕನೊಡನೆ ಕಳುಹಿಸಿದರೆ ಹೆಚ್ಚುವರಿ ಬಾಡಿಗೆ ಹಂಚಿಹೋಗುತ್ತದೆ, ನಿಜ ಬರೆಯುವವನು ಒಂಟಿಯಾಗುವುದಿಲ್ಲ. ನಮ್ಮ ಭಾಗದಲ್ಲಿ ಹೆಚ್ಚಾಗಿ ಸಾಗುವ ಇಪ್ಪತ್ತು ಮೂವತ್ತು ವಸ್ತುಗಳಿಗೆ ತುರ್ತು ಮಾಹಿತಿಯ ಕಾರ್ಡನ್ನು, ಅಂದರೆ ಟ್ರೆಮ್ ಕಾರ್ಡನ್ನು, ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ತಮಿಳಿನಲ್ಲಿಯೂ ಸಂಸ್ಥೆಯೇ ಮುದ್ರಿಸಿ ಕೊಡಬಹುದು. ಇಂಗ್ಲಿಷಿನಲ್ಲಿ ಅಚ್ಚಾದ ಕಾರ್ಡು ರಾತ್ರಿ ಎರಡು ಗಂಟೆಗೆ ಹಿರಿಯೂರಿನ ಬಳಿ ನಿಂತ ಲಾರಿಯಲ್ಲಿ ಯಾರಿಗೂ ಪ್ರಯೋಜನಕ್ಕೆ ಬಾರದು. ವಿಮಾ ಕಂಪನಿಗಳೊಡನೆ ಸಾಮೂಹಿಕವಾಗಿ ಮಾತನಾಡಿದರೆ ಪ್ರೀಮಿಯಂ ದರದಲ್ಲಿಯೂ ಚೌಕಾಶಿಗೆ ಅವಕಾಶವಾದೀತು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬೇಕೆಂದು ಲಿಖಿತವಾಗಿ ಕೋರಿದ್ದೇನೆ.

ಸಭೆ ಸೇರುವವರೆಗೆ ಪ್ರತಿಯೊಬ್ಬರೂ ಖರ್ಚಿಲ್ಲದೆ ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ಸರಕಿನ ಡ್ರಮ್ಮಿನ ಮೇಲೆ, ಲಾರಿಯ ಫಲಕದ ಮೇಲೆ ತುರ್ತು ಸಂಪರ್ಕಕ್ಕೆಂದು ಬರೆದಿರುವ ದೂರವಾಣಿ ಸಂಖ್ಯೆಗೆ ಇಂದು ರಾತ್ರಿ ಹನ್ನೊಂದಕ್ಕೆ ಒಮ್ಮೆ ಕರೆ ಮಾಡಿ. ಬಹುತೇಕ ಅದು ಬೀಗ ಹಾಕಿದ ಕಚೇರಿಯಲ್ಲಿ ಬಾರಿಸುತ್ತಿರುತ್ತದೆ. ಬೆಳಿಗ್ಗೆ ಅದನ್ನು ಅಳಿಸಿ, ಸರಕಿನ ಗುಣವನ್ನು ಬಲ್ಲ, ರಾತ್ರಿಯಲ್ಲಿಯೂ ಫೋನು ಎತ್ತುವ ಒಬ್ಬರ ಸಂಖ್ಯೆಯನ್ನು ಬರೆಸಿ.